ಕಿವಿಗಲ್ಲು ದಾಟಿ ಬಾಯಿಬಿಟ್ಟ ಗಾಡಿ

ಟೋಲಹಟ್ಟಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ತೊಂಬತ್ತೊಂದು.

ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ, ಅದರ ಹೊಗೆಕೊಳವೆಗೆ ಇನ್ನೊಂದು ಬಾಯಿ ಕೂರಿಸುತ್ತಿರುವ ಹಿರಿಯರಿಗೆ, ಟೋಲಹಟ್ಟಿಯ ಕತೆಗಾರ ಚಿನ್ನಪಾಲ ಮಾಡುವ ಶರಣು.

ಈ ತಾರೀಕು ಕಂಡು ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತು ದಿನ ಇರಲಿಲ್ಲವೆಂದು ನಮಗೂ ಗೊತ್ತು. ದೊಡ್ಡ ಬಗ್ಗಡದ ಕಾಲದಲ್ಲಿ, ಅಂದರೆ ಕರೆಂಟೂ ಸರ್ಕಾರವೂ ಕಲಸಿ ಒಂದೇ ರಾಡಿಯಾದ ಕಾಲದಲ್ಲಿ, ಕ್ಯಾಲೆಂಡರು ಅಚ್ಚು ಹಾಕುವವರು ಇಲ್ಲವಾದರು. ಯಾವ ತಿಂಗಳಿಗೆ ಎಷ್ಟು ದಿನ ಎಂದು ಜಗಳವಾಡಿ ಸುಸ್ತಾದ ನಮ್ಮ ಹಿರಿಯರು ಎಲ್ಲದಕ್ಕೂ ಮೂವತ್ತೇ ಇರಲಿ ಎಂದು ಕೈತೊಳೆದುಕೊಂಡರು. ಮಿಕ್ಕ ದಿನಗಳಿಗೆ ಹೆಸರಿಲ್ಲ. ಅವತ್ತು ಹುಟ್ಟಿದ ಮಕ್ಕಳನ್ನು ‘ಪುಕ್ಕಟೆ’ ಎಂದು ಕರೆಯುತ್ತೇವೆ. ನಮ್ಮ ಮಾತುಗಳೂ ಹೀಗೆಯೇ. ನಿಮ್ಮ ಬಾಯಿಗೆ ಅಕ್ಕಿಯೊಳಗಿನ ಕಲ್ಲಿನಂತೆ ಸಿಕ್ಕಬಹುದು. ಸಿಕ್ಕಿದ ಕಡೆ ಬಿಡಿಸಿ ಹೇಳುತ್ತ ಹೋಗುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಾಗದ ಹಿಂದಕ್ಕೆ ಹೋಗುವುದೆಂತು ಎಂದು ಕೇಳುತ್ತೀರಿ. ನಮ್ಮೂರಿಗೆ ಮೂಡಲಲ್ಲಿ ಗುಜರಿಗುಡ್ಡವಿದೆ. ನಿಮ್ಮ ಕಾಲದ ಕಾರುಗಳು ಒಂದರ ಮೇಲೊಂದು ಬಿದ್ದು ಬೆಳೆದ ಗುಡ್ಡ. ನಿಮ್ಮ ಕೈಯನ್ನೂ ಕಂಡು ನಮ್ಮ ಕೈಯನ್ನೂ ಕಂಡ ಜೀವ ಈ ಲೋಕದಲ್ಲಿ ಅದೊಂದೇ. ಅಲ್ಲಿನ ಒಂದು ಕೆಂಪು ಕಾರಿನ ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಇದನ್ನಿಟ್ಟು ಬರುತ್ತೇನೆ. ಕಳೆದುಹೋದ ಎತ್ತು ಕೊಟ್ಟಿಗೆಯ ದಾರಿ ಮರೆಯುವುದಿಲ್ಲ, ಕಾರು ಮಾತ್ರ ಯಾಕೆ ಮರೆತೀತು?

ಮೊದಲು ನಮ್ಮ ಬಾಳುವೆಯನ್ನು ಹೇಳಿಬಿಡುತ್ತೇನೆ. ನಾವಿರುವುದು ನಿಮ್ಮ ಹೆದ್ದಾರಿಯ ಮೇಲುಸೇತುವೆಗಳ ಕೆಳಗೆ. ನೀವು ನೆರಳಿಗೆಂದು ಅವನ್ನು ಕಟ್ಟಲಿಲ್ಲ, ಆದರೆ ನೆರಳಿಗೆ ಅಷ್ಟು ಚೆನ್ನಾಗಿ ಕಟ್ಟಿದವರು ಬೇರೆ ಇಲ್ಲ. ಎರಡು ಕಂಬದ ನಡುವೆ ಒಂದು ಮನೆ, ಸೇತುವೆಯ ಮೇಲೆ ರಾಗಿ ಒಣಗಿಸುವ ಕಣ. ಬ್ಯಾಟರಿಯಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಸಾಧು ಗಾಡಿಗಳು ಎರಡೇ ತಲೆಮಾರಿಗೆ ಕಣ್ಣು ಮುಚ್ಚಿದವು. ಉಳಿದದ್ದು ಬೆಂಕಿ ನುಂಗಿ ಹೊಗೆ ಉಗುಳುವ ಗಯ್ಯಾಳಿಗಳು. ಅವಕ್ಕೆ ಕುಡಿಸುವುದು ಜಾಲಿರಸ. ಬಳ್ಳಾರಿ ಜಾಲಿಯ ಸಿಹಿಕಾಯಿ ಕೊಳೆಹಾಕಿ, ಭಟ್ಟಿ ಇಳಿಸಿ ತೆಗೆದ ಸಾರಾಯಿ ಅದು. ಭಟ್ಟಿಯ ಚರಟ ತಿಂದ ನಮ್ಮ ಕೋಳಿಗಳು ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ನಡೆಯುವುದಿಲ್ಲ. ರಬ್ಬರು ಎಂಬುದು ಮುಗಿದು ಕಾಲವಾಯಿತು. ಚಕ್ರಕ್ಕೆ ಕತ್ತಾಳೆ ನಾರಿನ ಹಗ್ಗ ಸುತ್ತುತ್ತೇವೆ, ಸಣ್ಣ ಕೊಳವೆಗಳಿಗೆ ಮೇಕೆಯ ಕರುಳು ಹದಮಾಡಿ ಮೇಣ ಬಳಿಯುತ್ತೇವೆ. ಗಾಡಿಗೆ ಎತ್ತಿಗಿಟ್ಟಂತೆ ಹೆಸರಿಡುತ್ತೇವೆ. ನನ್ನದು ಮಾಸ. ಏರು ಕಂಡರೆ ಕೂತುಬಿಡುತ್ತದೆ, ಬೈದರೆ ಏಳುತ್ತದೆ.

ಇನ್ನು ನೀವು ಕೂರಿಸುತ್ತಿರುವ ಆ ಬಾಯಿ. ನೀವು ಬೈಪಾಸ್ ವಾಲ್ವ್ ಎನ್ನುತ್ತಿದ್ದಿರಂತೆ, ನಾವು ಗಂಟಲುಕದ ಎನ್ನುತ್ತೇವೆ. ಇಂಜಿನ್ನಿನಿಂದ ಬಂದ ಹೊಗೆ ಸೈಲೆನ್ಸರಿನ ಹೊಟ್ಟೆ ಹೊಕ್ಕು, ಅಲ್ಲಿ ಸುತ್ತಿ ಸುಸ್ತಾಗಿ, ಮೆತ್ತಗೆ ಹೊರಬರಬೇಕು. ನೀವು ನಡುದಾರಿಯಲ್ಲಿ ಒಂದು ಕವಲು ಕೊಳವೆ ಬೆಸೆದು, ಅದರೊಳಗೆ ರೊಟ್ಟಿಯಂಥ ದುಂಡು ತಗಡು ಇಟ್ಟಿರಿ. ತಗಡು ಅಡ್ಡ ನಿಂತರೆ ಗಾಡಿ ಹಸುವಿನಂತೆ ಗೊಣಗುತ್ತದೆ. ತೆರೆದು ನಿಂತರೆ ಹೊಗೆ ನೇರ ಹೊರಕ್ಕೆ ಚಿಮ್ಮಿ, ಇಂಜಿನ್ನು ಉಸಿರು ಬಿಟ್ಟು, ಬಲವೂ ಸದ್ದೂ ಒಟ್ಟಿಗೆ ಏರುತ್ತವೆ. ನಿಮ್ಮ ಕಾಲದಲ್ಲಿ ಹರೆಯದವರು ಸೇತುವೆಯ ಕೆಳಗೆ ಬಂದಾಗ ತೆರೆದು ತಮ್ಮ ಗಾಡಿಯ ದನಿಗೆ ತಾವೇ ಹಿಗ್ಗುತ್ತಿದ್ದರಂತೆ, ಪೊಲೀಸರನ್ನು ಕಂಡರೆ ಮುಚ್ಚಿ ಸಭ್ಯರಾಗುತ್ತಿದ್ದರಂತೆ. ಕೇಳಿ ನಮ್ಮ ಮಕ್ಕಳು ನಗುತ್ತಾರೆ. ನಾವು ದೊಡ್ಡವರು ನಗುವುದಿಲ್ಲ.

ಯಾಕೆಂದರೆ ಬಗ್ಗಡದ ನಂತರ ಬಂದ ದರೋಡೆಯವರೆಲ್ಲ ಬಾಯಿಬಿಟ್ಟೇ ಬಂದರು. ಬೇಲಿ ಮುರಿಯುವುದಕ್ಕೆ, ಮನೆಗೋಡೆಗೆ ಗುದ್ದುವುದಕ್ಕೆ, ಓಡುವವರನ್ನು ಅಟ್ಟಿ ತುಳಿಯುವುದಕ್ಕೆ ಗಾಡಿಯ ಪೂರಾ ಬಲ ಬೇಕು. ಬಾಯಿ ಮುಚ್ಚಿದ ಗಾಡಿ ಕೈಕಟ್ಟಿದ ಆಳಿನ ಹಾಗೆ. ಹಾಗಾಗಿ ಊರೂರಿಗೂ ಕಿವಿಗಲ್ಲು ನೆಟ್ಟೆವು. ಊರಿಗೆ ಸದ್ದು ಮುಟ್ಟುವ ಎಲ್ಲೆಯಲ್ಲಿ ನಿಂತ ಕಲ್ಲು ಅದು. ನೆಂಟನಾಗಲಿ, ಬಳೆಗಾರನಾಗಲಿ, ಅದರ ಹತ್ತಿರ ಗಂಟಲುಕದ ಮುಚ್ಚಿ ಗೊಣಗುತ್ತ ಬರಬೇಕು. ಕಲ್ಲು ದಾಟಿಯೂ ಬಾಯಿಬಿಟ್ಟು ಬಂದವನು ಕೊಲ್ಲಲು ಬಂದವನು. ಅವನನ್ನು ಯಾರೆಂದು ಕೇಳುವುದಿಲ್ಲ. ಸೇತುವೆಯ ಅಂಚಿಗೆ ಸತ್ತ ಇಂಜಿನ್ನುಗಳನ್ನು ಸರಪಳಿಯ ಬಲೆಯಲ್ಲಿ ತುಂಬಿ ತೂಗುಹಾಕಿರುತ್ತೇವೆ, ಅದು ತೂಗುಗುಂಡು. ಹಗ್ಗ ಕಡಿದರೆ ಕೆಳಗಿರುವುದು ರೊಟ್ಟಿಯಾಗುತ್ತದೆ.

ಇನ್ನೂ ಒಂದು ಕಟ್ಟಳೆ ಇತ್ತು. ಕಿವಿಯನ್ನು ನಂಬು, ಕಣ್ಣನ್ನು ನಂಬಬೇಡ. ಹಿಂದೊಮ್ಮೆ ಬಡಗಣವರು, ಅಂದರೆ ಬಡಗು ದಿಕ್ಕಿನ ದರೋಡೆಯವರು, ಮದುವೆ ದಿಬ್ಬಣದ ಸೋಗು ಹಾಕಿ, ಗಾಡಿಗೆ ಬೇವು ಕಟ್ಟಿಕೊಂಡು ಬಂದಿದ್ದರು. ಕಲ್ಲು ದಾಟಿದ ಮೇಲೆ ಬಾಯಿ ತೆರೆದರು. ಕಾವಲಿನವರು ಬೇವು ನೋಡಿ, ಮದುಮಗಳ ಸೆರಗು ನೋಡಿ, ಸಂತೋಷಕ್ಕೆ ತೆರೆದಿರಬೇಕು ಎಂದುಕೊಂಡರು. ಮದುಮಗಳ ಸೆರಗಿನಡಿ ಇದ್ದದ್ದು ಪಟ್ಟಾಕತ್ತಿ. ನಿಮ್ಮ ಲಾರಿಗಳ ಕಮಾನುಪಟ್ಟಿ ಬಡಿದು ಮಾಡಿದ, ಮೊಳಕ್ಕಿಂತ ಉದ್ದದ ಕತ್ತಿ. ಅವತ್ತಿನಿಂದ ಬಹಳ ಕಾಲ ನಮ್ಮ ಬಾವಿಯ ನೀರನ್ನು ಯಾರಿಗೂ ಕುಡಿಯಲಾಗಲಿಲ್ಲ.

ಈಗ ಕತೆಗೆ ಬರುತ್ತೇನೆ. ನಮ್ಮಜ್ಜಿಯ ಹರೆಯದಲ್ಲಿ ನಡೆದದ್ದು. ಗುಜರಿಗುಡ್ಡದ ಆಚೆ ಮಗ್ಗುಲಲ್ಲಿ ಕಂಬದಡಿ ಎಂಬ ಊರು. ಅವರಿಗೂ ನಮಗೂ ಆ ಗುಡ್ಡಕ್ಕಾಗಿ ಹೊಡೆದಾಟ. ಒಂದು ಇಂಜಿನ್ನಿನ ಹಿಂದೆ ಒಂದು ಹೆಣ ಬೀಳುವಷ್ಟು. ಒಂದು ಮಳೆಗಾಲ ಗುಡ್ಡದಲ್ಲೇ ಕತ್ತಿ ಎಳೆದು, ನಮ್ಮ ಕಡೆ ಏಳು ಮನೆಯ ಒಲೆ ಆರಿತು, ಅವರ ಕಡೆಯೂ ಕಡಿಮೆಯಲ್ಲ. ಆ ಗಲಾಟೆಯಲ್ಲಿ ನಮ್ಮ ಊರ ಯಜಮಾನಿ ಮಾರಕ್ಕನ ಒಬ್ಬಳೇ ಮಗಳು ಈರಮ್ಮ ಅವರ ಕೈಗೆ ಸಿಕ್ಕಿದಳು. ಮಾರಕ್ಕ ಗಂಡನನ್ನು ಅದೇ ಗುಡ್ಡದಲ್ಲಿ ಮಣ್ಣು ಮಾಡಿದ ಹೆಂಗಸು. ನಗುತ್ತಿದ್ದದ್ದು ಮಗಳ ಜೊತೆ ಮಾತ್ರ.

ಕಂಬದಡಿಯ ಯಜಮಾನ ಗಾದ್ರಪ್ಪ ಒಳ್ಳೆಯವನು. ಹುಡುಗಿಯನ್ನು ಮನೆಯೊಳಗೇ ಇಟ್ಟುಕೊಂಡ. ಅವನ ಹೆಂಡತಿ ತಿಪ್ಪಕ್ಕ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಅವಳ ಕೈಯಲ್ಲಿ ರೊಟ್ಟಿ ತಟ್ಟಿಸಿ ‘ಇದೇನು ರೊಟ್ಟಿಯೋ ಟೋಲಹಟ್ಟಿಯ ನಕ್ಷೆಯೋ’ ಎಂದು ಚುಚ್ಚಿ ನಗಿಸಿದಳು. ಬೇಸಿಗೆ ಹೊತ್ತಿಗೆ ಗಾದ್ರಪ್ಪನಿಗೆ ಹೊಡೆದಾಟ ಸಾಕಾಗಿತ್ತು. ಬಳೆಗಾರನ ಬಾಯಲ್ಲಿ ಹೇಳಿಕಳಿಸಿದ: ಗುಡ್ಡವನ್ನು ಸರಿಪಾಲು ಮಾಡೋಣ, ಹುಡುಗಿಯನ್ನು ನಾನೇ ಕರೆತರುತ್ತೇನೆ, ಕೀಲು ಅವಳ ಕೈಯಲ್ಲೇ ಇರುತ್ತದೆ.

ಕೀಲು ಎಂದರೆ ಗಂಟಲುಕದ ಮುಚ್ಚುವ, ತೆರೆಯುವ ಹಿಡಿಕೆ. ರಾಜಿಗೆ ಬರುವ ಗಾಡಿಯಲ್ಲಿ ಆ ಹಿಡಿಕೆಯನ್ನು ಎದುರೂರಿನವರ ಕೈಗೆ ಕೊಟ್ಟು ಕೂರಿಸಿಕೊಂಡು ಬರುವುದು ನಮ್ಮ ಪದ್ಧತಿ. ನಿಮ್ಮ ಕೂಸಿನ ಕೈಯಲ್ಲೇ ನಮ್ಮ ಕುತ್ತಿಗೆ ಇದೆ ಎಂದು ಹೇಳಿದ ಹಾಗೆ. ಅದಕ್ಕಿಂತ ದೊಡ್ಡ ಆಣೆ ನಮ್ಮಲ್ಲಿಲ್ಲ. ಮಾತು ಕೇಳಿದ ಮಾರಕ್ಕ ಅಂಗಳ ಸಾರಿಸಿದಳು. ಎರಡು ಮೇಕೆ ಕಡಿಸಿದಳು. ಬಾಡಿನ ಸಾರಿಗೆ ಖಾರ ಕಡಿಮೆ ಹಾಕಿ, ನನ್ನ ಮಗಳಿಗೆ ಬಾಯಿ ಉರಿಯುತ್ತದೆ ಎಂದು ಅಡಿಗೆಯವರಿಗೆ ಹೇಳಿದಳಂತೆ.

ಗಾಡಿ ಬಂದದ್ದು ಹಗಲು ಬಲಿತ ಮೇಲೆ. ಗಾದ್ರಪ್ಪ ಚಕ್ರ ಹಿಡಿದಿದ್ದ, ಪಕ್ಕದಲ್ಲಿ ಕೀಲು ಹಿಡಿದು ಈರಮ್ಮ, ಹಿಂದೆ ಅವನ ಇಬ್ಬರು ತಮ್ಮಂದಿರು. ಅವನ ಊರಿನ ಮಿಕ್ಕ ಗಾಡಿಗಳು ಕಿವಿಗಲ್ಲಿನಿಂದ ಆಚೆಯೇ ಮರ್ಯಾದೆಗೆ ನಿಂತವು. ಸೇತುವೆಯ ಮೇಲೆ ಮಾರಕ್ಕ, ಅವಳ ತಮ್ಮ ಬೋರ, ಕಾವಲಿನವರು. ಗಾಡಿ ಗೊಣಗುತ್ತ ಬಂತು, ಕಲ್ಲು ದಾಟಿತು. ಕೆಳಗಿನ ಹೆಂಗಸರು ಆರತಿ ತಟ್ಟೆ ಎತ್ತಿಕೊಂಡರು.

ಆಗ ಅದು ಬಾಯಿ ಬಿಟ್ಟಿತು.

ಆ ಸದ್ದಿಗೆ ಕಣದ ರಾಗಿ ಮೇಲಿದ್ದ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದವಂತೆ. ಹೆಂಗಸರು ತಟ್ಟೆ ಬಿಸಾಡಿ ಮಕ್ಕಳನ್ನು ಎಳೆದುಕೊಂಡು ಕಂಬದ ಮರೆಗೆ ಓಡಿದರು. ಗಂಡಸರು ಪಟ್ಟಾಕತ್ತಿ ಹಿರಿದರು. ಗಾಡಿ ನಿಲ್ಲಲಿಲ್ಲ. ಗಾದ್ರಪ್ಪ ಗಾಬರಿಯಲ್ಲಿ ಬ್ರೇಕಿಗೆ ಕಾಲಿಟ್ಟನೋ ಏನೋ, ಜಾಲಿರಸದ ಗಾಡಿಗೆ ನಿಲ್ಲುವ ಬುದ್ಧಿ ಕಡಿಮೆ. ಅದು ಅರಚುತ್ತ ಸೇತುವೆಯ ಬುಡಕ್ಕೆ ಬರುತ್ತಿತ್ತು.

ಬೋರ ಅಕ್ಕನ ಕೈ ಹಿಡಿದ. “ಅಕ್ಕಾ, ಬೇವು ಕಟ್ಟವ್ರೆ. ಮುಂದ್ಗಡೆ ಹೆಣ್ಮಗಳು ಕುಂತಂಗೈತೆ. ಒಂದ್ಗಳಿಗೆ ತಡಿ.”

ಮಾರಕ್ಕ ಕೈ ಕೊಡವಿಕೊಂಡಳು. “ಕುಂತಿಲ್ಲ ಕಣ್ಲಾ, ಕುಂಡ್ರಿಸವ್ರೆ. ಕೀಲು ನನ್ ಮಗಳ ಕೈಯಾಗಿದ್ರೆ ಗಾಡಿ ಬಾಯಿ ಬಿಡ್ತಿತ್ತಾ? ಉಸ್ರಿರೋಗಂಟ ಅವ್ಳು ಬಿಡೋಳಲ್ಲ.”

ಎಂದವಳೇ ಹಗ್ಗ ಕಡಿದಳು. ಹಿರಿಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಮಗಳ ಮೇಲೆ ಅನುಮಾನ ಪಟ್ಟು ಕಡಿದವಳಲ್ಲ ಅವಳು. ಮಗಳನ್ನು ಅಷ್ಟು ನಂಬಿದ್ದಕ್ಕೇ ಕಡಿದಳು. ಬಾಯಿ ತೆರೆದಿದೆ ಎಂದರೆ ಮಗಳು ಸತ್ತಿದ್ದಾಳೆ, ಹೆಣಕ್ಕೆ ಸೀರೆ ಉಡಿಸಿ ಕೂರಿಸಿ ತಂದಿದ್ದಾರೆ. ಅವಳ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ.

ತೂಗುಗುಂಡು ಗಾಡಿಯ ಹಿಂಭಾಗದ ಮೇಲೆ ಬಿತ್ತು. ಹಿಂದೆ ಕೂತ ಅಣ್ಣತಮ್ಮಂದಿರು ಯಾರ ತೋಳು ಯಾರದೆಂದು ತಿಳಿಯದಂತಾದರು. ಮುಂಭಾಗ ಮಡಿಚಿಕೊಂಡು, ಗಾಡಿ ಕಂಬಕ್ಕೆ ಮುಖವಿಟ್ಟು ನಿಂತಿತು. ಆದರೆ ಇಂಜಿನ್ನು ಸಾಯಲಿಲ್ಲ. ಗಾದ್ರಪ್ಪನ ಕಾಲು ಕೆಳಗಿನ ತಗಡಿಗೆ ಸಿಕ್ಕಿ ಆಕ್ಸಿಲರೇಟರಿನ ಮೇಲೆ ಒತ್ತಿಕೊಂಡಿತ್ತು. ಗಾಡಿ ನಿಂತಲ್ಲೇ ಪೂರಾ ಬಾಯಿಬಿಟ್ಟು ಅರಚುತ್ತಿತ್ತು. ಮಾರಕ್ಕ ಸೇತುವೆಯ ಇಳಿಜಾರು ಓಡಿ ಬಂದಳು, ಕೈಯಲ್ಲಿ ಕತ್ತಿ. ಗಾದ್ರಪ್ಪ ಕಿಟಕಿಯಿಂದ ಸೊಂಟದವರೆಗೆ ಹೊರಬಂದು, ಒಂದು ಕೈ ಅವಳತ್ತ ಚಾಚಿ ಏನೋ ಹೇಳುತ್ತಿದ್ದ. ಬಾಯಿ ಆಡುವುದು ಎಲ್ಲರಿಗೂ ಕಂಡಿತು. ಒಂದಕ್ಷರ ಯಾರಿಗೂ ಕೇಳಲಿಲ್ಲ. ಅವಳು ಮೊದಲು ಆ ಕೈಗೆ ಹೊಡೆದಳು, ಆಮೇಲೆ ಕುತ್ತಿಗೆಗೆ. ಎರಡನೆಯ ಏಟು ಸಾಲದೆ ಮೂರನೆಯದು ಹಾಕಿದಳು.

ಅವನ ಜೀವ ಹೋಗಿ ಕಾಲು ಸಡಿಲವಾಯಿತು. ಇಂಜಿನ್ನು ಇಳಿಯಿತು, ಕೆಮ್ಮಿತು, ನಿಂತಿತು. ಎಲ್ಲವೂ ಗಪ್ಪಾಯಿತು. ಆ ಗಪ್ಪಿನೊಳಗೆ ಗಾಡಿಯ ಆಚೆ ಮಗ್ಗುಲಿನಿಂದ ಒಂದು ದನಿ ಬಂತು.

“ಅವ್ವಾ, ನಾನು ಬಿಟ್ಟಿಲ್ಲ ಕಣವ್ವ.”

ಈರಮ್ಮನ ಎರಡೂ ಕಾಲು ಮೊಣಕಾಲಿನ ಮೇಲಿನಿಂದ ಜಜ್ಜಿಹೋಗಿದ್ದವು. ಬಲಗೈ ಕೀಲಿನ ಮೇಲೆಯೇ ಇತ್ತು. ಕೀಲು ಮುಚ್ಚಿದ ಕಡೆಗೇ ಇತ್ತು. ಅವಳ ಬೆರಳು ಬಿಡಿಸುವುದಕ್ಕೆ ಇಬ್ಬರು ಬೇಕಾಯಿತು.

ಆದದ್ದೇನೆಂದು ಆಮೇಲೆ ತಿಳಿಯಿತು. ಕೀಲನ್ನು ಮುಚ್ಚಿದ ಕಡೆಗೆ ಹಿಡಿದಾಗ, ಇಂಜಿನ್ನು ಒಳಗೆಳೆಯುವ ಗಾಳಿಯ ಎಳೆತ ಒಂದು ಕರುಳುಕೊಳವೆಯಲ್ಲಿ ಹೋಗಿ ತಗಡನ್ನು ಮುಚ್ಚಿ ಹಿಡಿದಿರುತ್ತದೆ. ಎಳೆತ ತಪ್ಪಿದರೆ ಸ್ಪ್ರಿಂಗು ತಗಡನ್ನು ತೆರೆಯುತ್ತದೆ. ನೀವು ಮಾಡಿದ್ದು ಹಾಗೆ, ನಾವು ನೋಡಿ ಕಲಿತದ್ದೂ ಹಾಗೆ. ಕಂಬದಡಿಯವರು ಶುಭಕಾರ್ಯಕ್ಕೆ ಹೊರಟ ಗಾಡಿಗೆ ಹಳೆಯ ಕೊಳವೆ ಇರಬಾರದೆಂದು ಅವತ್ತು ಬೆಳಗ್ಗೆ ಹೊಸ ಕರುಳು ಹಾಕಿದ್ದರು. ಹೊಸ ಸೀರೆ ಉಟ್ಟ ಹಾಗೆ, ಮರ್ಯಾದೆಗೆ. ಹೊಸ ಕರುಳು ಕಾವಿಗೆ ಸೆಟೆದುಕೊಳ್ಳುತ್ತದೆ, ಅದನ್ನು ನಾಲ್ಕು ದಿನ ಹತ್ತಿರದಲ್ಲಿ ಓಡಿಸಿ ಪಳಗಿಸಬೇಕು. ಅದು ನಮ್ಮ ಕಿವಿಗಲ್ಲಿನ ಈಚೆ ಬಂದು ಸೀಳಿತು. ಹಳೆಯದೇ ಇದ್ದಿದ್ದರೆ ಎಲ್ಲರೂ ಬಾಡೂಟ ಉಂಡು ಮಲಗುತ್ತಿದ್ದರು.

ಆದರೆ ಇದನ್ನು ಹೇಳುವುದಕ್ಕೆ ಅವತ್ತು ಬಿಡುವು ಎಲ್ಲಿ? ಕಿವಿಗಲ್ಲಿನಾಚೆ ನಿಂತವರು ತಮ್ಮ ಯಜಮಾನನ ಕುತ್ತಿಗೆ ಬೀಳುವುದನ್ನು ಕಣ್ಣಾರೆ ಕಂಡಿದ್ದರು. ರಾಜಿಗೆ ಕರೆದು ಕೊಂದರೆಂದೇ ಅವರ ತಿಳಿವಳಿಕೆ. ಅಷ್ಟೂ ಗಾಡಿಗಳು ಬಾಯಿಬಿಟ್ಟು ಬಂದವು. ಬೋರ ಬರಿಗೈಯಲ್ಲಿ, ತಲೆವಸ್ತ್ರ ಬಿಚ್ಚಿ ಬೀಸುತ್ತ, ನಿಲ್ಲಿ ನಿಲ್ಲಿ ಎನ್ನುತ್ತ ಎದುರಿಗೆ ಓಡಿದ. ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿರಲಾರದು. ಮೊದಲ ಗಾಡಿ ಅವನನ್ನು ಹೊಡೆದು ಎತ್ತಿತು, ಎರಡನೆಯದು ಅವನ ಮೇಲೆ ಹಾದಿತು. ಅದನ್ನು ಕಂಡ ನಮ್ಮವರು ಮಿಕ್ಕ ತೂಗುಗುಂಡುಗಳನ್ನೆಲ್ಲ ಕಡಿದರು. ಸೇತುವೆಯ ಮೇಲಿಂದ ಜಾಲಿರಸದ ಹಂಡೆ ಬಗ್ಗಿಸಿ ಕೊಳ್ಳಿ ಎಸೆದರು. ಜಾಲಿರಸದ ಬೆಂಕಿ ಹಗಲಿನಲ್ಲಿ ಕಾಣುವುದಿಲ್ಲ. ಮೈಗೆ ಏನೂ ಹತ್ತಿಲ್ಲದವರು ಸುಮ್ಮಸುಮ್ಮನೆ ಕುಣಿದು ಬೀಳುತ್ತಿದ್ದಾರೆ ಎಂಬಂತೆ ಕಾಣುತ್ತಿತ್ತಂತೆ. ಹೊರಬಂದವರನ್ನು ನಮ್ಮವರು ಕಂಬಗಳ ನಡುವೆ ಅಟ್ಟಿ ಕಡಿದರು. ಅವರ ಗಾಡಿಗಳು ನಮ್ಮ ಮನೆಗಳ ಗೋಡೆಗೆ ಗುದ್ದಿ ಒಳಗೆ ಅಡಗಿದ್ದವರ ಸಮೇತ ಕೆಡವಿದವು. ಆರತಿ ತಟ್ಟೆ ಹಿಡಿದಿದ್ದ ಹೆಂಗಸರಲ್ಲಿ ಸಂಜೆಗೆ ಉಳಿದವರು ಇಬ್ಬರು. ಬಾಡಿನ ಸಾರು ಹಾಗೇ ಇತ್ತು. ನಾಯಿಗಳೂ ಮುಟ್ಟಲಿಲ್ಲ, ಅವಕ್ಕೆ ಬೇರೆ ಇತ್ತು.

ಈರಮ್ಮ ಬದುಕಿದಳು. ಅವಳ ಕಾಲುಗಳನ್ನು ತೆಗೆದದ್ದು ಅವಳ ತಾಯಿಯೇ, ಅದೇ ಕತ್ತಿಯನ್ನು ಕೆಂಪಗೆ ಕಾಯಿಸಿ. ಗಾಯ ಮಾಗುವವರೆಗೆ ಮಾರಕ್ಕ ಮಗಳಿಗೆ ಉಣ್ಣಿಸಿದಳು, ಹೊರಕಡೆಗೆ ಹೊತ್ತುಕೊಂಡು ಹೋದಳು, ತಲೆ ಬಾಚಿದಳು. ಆಮೇಲೆ ಒಂದು ಬೆಳಗ್ಗೆ ಗಂಡನ ಗಾಡಿಯನ್ನು ಈಚೆಗೆ ತಂದು, ಕೀಲನ್ನು ತೆರೆದ ಕಡೆಗೆ ತಂತಿಯಿಂದ ಬಿಗಿದು ಕಟ್ಟತೊಡಗಿದಳು. ಎಲ್ಲಿಗೆ ಹೊರಟಳೆಂದು ಮಗಳಿಗೆ ತಿಳಿಯಿತು. ಬಾಯಿ ಮುಚ್ಚಿಕೊಂಡು ಹೋಗಿ ಮಾತಾಡಿ ಬಾ, ನಾನೂ ಬಂದು ಕಂಡದ್ದನ್ನು ಹೇಳುತ್ತೇನೆ ಎಂದು ಅಂಗಲಾಚಿದಳು.

“ಮಾತು ಆವತ್ತೇ ಮುಗೀತು ಕಣೆ,” ಎಂದಳು ಮಾರಕ್ಕ. “ಅವ್ನು ಆಡ್ತಿದ್ದ. ನಾನು ಕೇಳ್ಲಿಲ್ಲ.”

ಕಂಬದಡಿಯ ಕಿವಿಗಲ್ಲಿನ ಬಳಿ ಅವಳು ಗಾಡಿ ನಿಲ್ಲಿಸಿ, ಇಳಿದು, ಕಲ್ಲಿಗೆ ಕೈಮುಗಿದು, ಮತ್ತೆ ಹತ್ತಿ, ಅರಚುವ ಗಾಡಿಯನ್ನು ನಡಿಗೆಯ ವೇಗದಲ್ಲಿ ಒಳಗೆ ಬಿಟ್ಟಳು. ಹೊಡೆಯಲು ಬಂದವರು ಯಾರೂ ಹಾಗೆ ನಿಧಾನ ಬರುವುದಿಲ್ಲ. ಅವರ ಸೇತುವೆಯ ಮೇಲೆ ಗಾದ್ರಪ್ಪನ ಹೆಂಡತಿ ತಿಪ್ಪಕ್ಕ ನಿಂತಿದ್ದಳು. ಕಾವಲಿನವರಿಗೆ ಗೊಂದಲ. ಒಬ್ಬಳೇ ಇದ್ದಾಳೆ, ಕತ್ತಿಯಿಲ್ಲ, ಏನು ಮಾಡುವುದು ಎಂದು ಕೇಳಿದರು.

ತಿಪ್ಪಕ್ಕ ತೂಗುಗುಂಡಿನ ಹಗ್ಗದತ್ತ ಕೈತೋರಿಸಿದಳಂತೆ. “ಕೇಳ್ಕೊಂಡು ಬಂದವ್ಳೆ,” ಎಂದಳು. “ಕೊಡ್ರಿ.”

ಮಾರಕ್ಕನ ಮೈಯನ್ನು ತಿಪ್ಪಕ್ಕನೇ ತೊಳೆದು, ಹೊಸ ಸೀರೆ ಉಡಿಸಿ, ಬಾಯಿ ಮುಚ್ಚಿದ ಗಾಡಿಯಲ್ಲಿ ತಂದು ನಮ್ಮೂರಿಗೆ ಒಪ್ಪಿಸಿದಳು. ಅವತ್ತು ಈರಮ್ಮ ಕಂಡದ್ದನ್ನೆಲ್ಲ ಹೇಳಿದಳು. ತಿಪ್ಪಕ್ಕ ಸೀಳಿದ ಕರುಳನ್ನು ಕೈಯಲ್ಲಿ ಹಿಡಿದು ನೋಡಿದಳು. ಅದನ್ನು ಹದ ಮಾಡಿದವಳು ಅವಳೇ. ಇಬ್ಬರೂ ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ, ಮುಪ್ಪಿನಲ್ಲಿ ನಾವೆಲ್ಲ ಈರಮ್ಮಜ್ಜಿ ಎನ್ನುತ್ತಿದ್ದ ಅವಳು ಅದನ್ನು ನಮಗೆ ಎಂದೂ ಹೇಳಲಿಲ್ಲ. ಗುಡ್ಡ ಅವತ್ತು ಪಾಲಾಯಿತು. ಪಾಲು ಮಾಡಿಕೊಳ್ಳಲು ಎರಡೂ ಕಡೆ ಜನ ಕಡಿಮೆ ಇದ್ದುದರಿಂದ ಎಲ್ಲರಿಗೂ ಧಾರಾಳವಾಗಿ ಸಿಕ್ಕಿತು.

ಆಮೇಲೆ ಈರಮ್ಮಜ್ಜಿ ಒಂದು ಕೆಲಸ ಹಿಡಿದಳು. ಚಕ್ರದ ಹಲಗೆಯ ಮೇಲೆ ಕೂತು ಗಾಡಿಗಳ ಕೆಳಗೆ ತೂರಿ, ಒಂದೊಂದೇ ಗಂಟಲುಕದ ಬಿಚ್ಚಿ, ಸ್ಪ್ರಿಂಗು ತಿರುಗಿಸಿ ಹಾಕಿದಳು. ಈಗ ಎಳೆತವಿದ್ದರೆ ತೆರೆಯುತ್ತದೆ, ಕೊಳವೆ ಸೀಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಊರಿನ ಗಂಡಸರು ಕೂಗಾಡಿದರು. ಅಟ್ಟಿಸಿಕೊಂಡು ಬಂದವರ ಮುಂದೆ ಓಡುವಾಗ ಕರುಳು ಸೀಳಿದರೆ ಗಾಡಿಗೆ ಉಸಿರು ಕಟ್ಟುತ್ತದಲ್ಲ, ಕೈಕಾಲು ಕಟ್ಟಿ ಕೊಟ್ಟ ಹಾಗೆ ಆಗುತ್ತದಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಬಡಗಣವರು ಬಂದಾಗ ನನ್ನ ದೊಡ್ಡಪ್ಪನ ಗಾಡಿ ಹಾಗೆಯೇ ನಡುದಾರಿಯಲ್ಲಿ ಮೆತ್ತಗಾಯಿತು. ಅವನ ತಲೆಯನ್ನು ಅವರು ತಮ್ಮ ಗಾಡಿಯ ಮೂತಿಗೆ ಕಟ್ಟಿಕೊಂಡು ಹೋದರು. ಈರಮ್ಮಜ್ಜಿ ದೊಡ್ಡಮ್ಮನ ಮುಂದೆ ಕೂತು ಅವಳಿಂದ ಬೈಸಿಕೊಂಡಳು, ಹೊಡೆಸಿಕೊಂಡಳು, ಮರುದಿನ ಮತ್ತೆ ಗಾಡಿಯ ಕೆಳಗೆ ತೂರಿದಳು.

ಹಿರಿಯರೇ, ಎರಡೂ ಬಗೆಯಲ್ಲಿ ಜನ ಸತ್ತಿದ್ದಾರೆ. ನಿಮ್ಮ ಕಾಲದಲ್ಲಿ ಇದು ಹಂಚಿಕೊಂಡು ನಗುವ ಆಟದ ಸಾಮಾನು, ಬಲ್ಲೆ. ಇಂಜಿನ್ನಿಗೆ ಉಸಿರು ಕಟ್ಟಬಾರದೆಂಬ ಕಾಳಜಿಯಿಂದಲೇ ಕೆಟ್ಟಾಗ ತೆರೆಯುವಂತೆ ಮಾಡಿದಿರಿ, ಅದನ್ನೂ ಬಲ್ಲೆ. ನಿಮ್ಮನ್ನು ಬೈಯಲು ಬರೆದದ್ದಲ್ಲ. ಹರೆಯದವರು ಬಂದು ಕೇಳಿದರೆ ಹಾಕಿಕೊಡಿ, ಬೇಡವೆಂದರೆ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಆದರೆ ನೀವು ಹೇಗೆ ಕೂರಿಸುತ್ತೀರೋ ಹಾಗೇ ನೋಡಿ ನಾವು ಕಲಿಯುತ್ತೇವೆ, ನಮಗೆ ಬೇರೆ ಗುರುವಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ. ಸ್ಪ್ರಿಂಗನ್ನು ಮುಚ್ಚುವ ಕಡೆಗೆ ಹಾಕಿ. ಕೆಟ್ಟರೆ ಗಾಡಿ ಮೆತ್ತಗಾಗಲಿ, ನಡುದಾರಿಯಲ್ಲಿ ನಿಲ್ಲಲಿ, ಸತ್ತರೂ ಸಾಯಲಿ. ಒಳಗಿರುವವನು ಕಿಟಕಿಯಿಂದ ಕೈ ಚಾಚಿ ಏನೋ ಹೇಳುತ್ತಿರುತ್ತಾನೆ. ಅದು ಎದುರಿಗೆ ನಿಂತವಳಿಗೆ ಕೇಳಿಸಲಿ.